ಒಂದು ಪೆನ್ನಿಯ ಚಿತ್ರ: ಯುದ್ಧಕಾಲದ ರೇಖೆ ಮತ್ತು ಪ್ರಭುತ್ವದ ಓದು

ಗಾದೆಯ ಅರ್ಥ ಅದರ ಪದಗಳಲ್ಲಿ ಮಾತ್ರ ಇರುವುದಿಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಆಡಿದರು ಎಂಬುದನ್ನೂ ಅದು ಅವಲಂಬಿಸಿರುತ್ತದೆ. ಜಾನಪದ ಅಧ್ಯಯನಕ್ಕೆ ಪರಿಚಿತವಾದ ಈ ತಿಳಿವಳಿಕೆ ಅಡಿಬರಹವುಳ್ಳ ಪತ್ರಿಕಾಚಿತ್ರಕ್ಕೂ ಅನ್ವಯಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ‘ಡೇಲಿ ಮಿರರ್’ ಪತ್ರಿಕೆಗಾಗಿ ಫಿಲಿಪ್ ಜೆಕ್ ರಚಿಸಿದ ಚಿತ್ರವೊಂದು ಇದಕ್ಕೆ ತಕ್ಕ ನಿದರ್ಶನ.

1942ರ ಮಾರ್ಚ್ 6ರಂದು ಪ್ರಕಟವಾದ ಆ ಚಿತ್ರದಲ್ಲಿರುವುದು ಇಷ್ಟೇ: ಕತ್ತಲು ಕವಿದ ಕಡಲು, ಒಂದು ತೆಪ್ಪ, ಅದನ್ನು ಹಿಡಿದು ಬಿದ್ದಿರುವ ಒಬ್ಬ ನಾವಿಕ. ಕೆಳಗೆ, ಪೆಟ್ರೋಲಿನ ಬೆಲೆ ಒಂದು ಪೆನ್ನಿ ಏರಿದೆಯೆಂದು ಸರ್ಕಾರಿ ಪ್ರಕಟಣೆಯ ಧಾಟಿಯಲ್ಲಿ ಸಾರುವ ಸಾಲು. ನಾವಿಕರ ಪ್ರಾಣದ ಬೆಲೆಯಲ್ಲಿ ಬರುವ ಪೆಟ್ರೋಲನ್ನು ವ್ಯರ್ಥ ಮಾಡಬಾರದೆಂದು ಎಚ್ಚರಿಸುವುದು ಜೆಕ್‌ನ ಉದ್ದೇಶವಾಗಿತ್ತು. ಪೆಟ್ರೋಲ್ ಈಗ ತುಟ್ಟಿಯಾಗಿದೆ ಎಂಬರ್ಥದ ಸರಳ ಸಾಲನ್ನು ಅವನು ಮೊದಲು ಯೋಚಿಸಿದ್ದ. ‘ಕಸಾಂಡ್ರ’ ಎಂಬ ಹೆಸರಿನಲ್ಲಿ ಅಂಕಣ ಬರೆಯುತ್ತಿದ್ದ ಸಹೋದ್ಯೋಗಿ ವಿಲಿಯಂ ಕಾನರ್ ಅದಕ್ಕೆ ಮೊನಚು ಸಾಲದೆಂದು ಹೊಸ ಸಾಲನ್ನು ಸೂಚಿಸಿದ. ವಿವಾದದ ಬೀಜವಿರುವುದು ಇಲ್ಲಿಯೇ. ‘ತುಟ್ಟಿ’ ಎಂಬ ಮಾತು ಜೀವದ ಬೆಲೆಯನ್ನು ನೆನಪಿಸುತ್ತಿತ್ತು; ‘ಒಂದು ಪೆನ್ನಿ’, ‘ಅಧಿಕೃತ’ ಎಂಬ ಮಾತುಗಳಾದರೋ ವ್ಯಾಪಾರಿಯನ್ನೂ ಸರ್ಕಾರವನ್ನೂ ಚಿತ್ರದೊಳಕ್ಕೆ ಎಳೆದು ತಂದವು.

ತೈಲ ಕಂಪನಿಗಳ ಲಾಭಕ್ಕಾಗಿ ನಾವಿಕರು ಸಾಯುತ್ತಿದ್ದಾರೆಂದು ಚಿತ್ರ ಹೇಳುತ್ತಿದೆಯೆಂದೇ ಚರ್ಚಿಲ್ ಸರ್ಕಾರ ಭಾವಿಸಿತು. ಈ ಓದನ್ನು ಕೇವಲ ಅಧಿಕಾರದ ಮೊಂಡುತನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದೇ ಫೆಬ್ರವರಿ 15ರಂದು ಸಿಂಗಪುರ ಪತನವಾಗಿತ್ತು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ತೈಲದ ಹಡಗುಗಳನ್ನು ಮುಳುಗಿಸುತ್ತಿದ್ದವು. ಸೇನಾಧಿಕಾರಿಗಳನ್ನೂ ಮಂತ್ರಿಗಳನ್ನೂ ‘ಮಿರರ್’ ಪತ್ರಿಕೆ ಎಡೆಬಿಡದೆ ಟೀಕಿಸುತ್ತಿತ್ತು. ಆಳುವವರು ನೋಡಿದ್ದು ಒಂದು ಚಿತ್ರವನ್ನಲ್ಲ, ಆ ಟೀಕೆಗಳ ಸಾಲಿನಲ್ಲಿ ಮತ್ತೊಂದನ್ನು. ಕಾನೂನಿನ ಭಾಷೆಯೂ ಇದಕ್ಕೆ ಒದಗಿಬಂದಿತು. ಯುದ್ಧಕ್ಕೆ ವಿರೋಧವನ್ನು ಕೆರಳಿಸುವ ಬರಹಗಳನ್ನು ‘ವ್ಯವಸ್ಥಿತವಾಗಿ’ ಪ್ರಕಟಿಸುವ ಪತ್ರಿಕೆಯನ್ನು ಮುಚ್ಚಿಸಲು ರಕ್ಷಣಾ ನಿಯಮ 2ಡಿ ಗೃಹಮಂತ್ರಿಗೆ ಅಧಿಕಾರ ನೀಡಿತ್ತು. 1941ರ ಜನವರಿಯಲ್ಲಿ ಕಮ್ಯುನಿಸ್ಟರ ‘ಡೇಲಿ ವರ್ಕರ್’ ನಿಷೇಧಕ್ಕೊಳಗಾದದ್ದು ಇದೇ ನಿಯಮದಡಿ.

ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಪತ್ರಿಕೆಯ ಮುಖ್ಯಸ್ಥರನ್ನು ಕರೆಸಿ ಎಚ್ಚರಿಕೆ ನೀಡಿದರು. ಮೊದಲ ಮಹಾಯುದ್ಧವನ್ನು ಸ್ವತಃ ವಿರೋಧಿಸಿದ್ದ ಲೇಬರ್ ನಾಯಕ ಇವರು ಎಂಬುದು ಇಲ್ಲಿ ಸ್ಮರಣೀಯ. ಮಾರ್ಚ್ 26ರಂದು ಕಾಮನ್ಸ್ ಸಭೆಯಲ್ಲಿ ನಡೆದ ಚರ್ಚೆಯಲ್ಲಿ ಅವರದೇ ಪಕ್ಷದ ಅನೈರಿನ್ ಬೆವನ್ ಈ ಕ್ರಮವನ್ನು ಕಟುವಾಗಿ ಖಂಡಿಸಿದರು. ಪತ್ರಿಕೆ ಮುಚ್ಚಲಿಲ್ಲ.

ಜೆಕ್‌ನ ಇನ್ನೊಂದು ಚಿತ್ರ ಇದೇ ವಿಚಾರವನ್ನು ಬೇರೊಂದು ದಿಕ್ಕಿನಿಂದ ತೋರುತ್ತದೆ. ಯುರೋಪಿನಲ್ಲಿ ಯುದ್ಧ ಮುಗಿದ 1945ರ ಮೇ 8ರಂದು, ಗಾಯಗೊಂಡ ಸೈನಿಕನೊಬ್ಬ ವಿಜಯ ಮತ್ತು ಶಾಂತಿಯ ಮಾಲೆಯನ್ನು ಓದುಗನತ್ತ ಚಾಚಿ, ಇದನ್ನು ಮತ್ತೆ ಕಳೆದುಕೊಳ್ಳಬೇಡಿ ಎನ್ನುವ ಚಿತ್ರ ಪ್ರಕಟವಾಯಿತು. ಅಂದು ಅದು ಎಲ್ಲರಿಗೂ ಸೇರಿದ ಪ್ರಾರ್ಥನೆ. ಜುಲೈ 5ರ ಮತದಾನದ ದಿನ ‘ಮಿರರ್’ ಅದನ್ನೇ ಮುಖಪುಟದಲ್ಲಿ ಮರುಮುದ್ರಿಸಿತು. ರೇಖೆಗಳು ಹಿಂದಿನವೇ, ಅಡಿಬರಹವೂ ಹಿಂದಿನದೇ. ಆದರೆ ಈಗ ಅದು ಲೇಬರ್ ಪಕ್ಷದ ಪರವಾದ ಮತಯಾಚನೆಯಾಗಿತ್ತು. ಆ ಚುನಾವಣೆಯಲ್ಲಿ ಲೇಬರ್ 393 ಸ್ಥಾನಗಳನ್ನು ಗೆದ್ದಿತು. ಪಕ್ಷದ ಪ್ರಚಾರ ಸಮಿತಿಯ ಮುಖ್ಯಸ್ಥರಾಗಿದ್ದವರು ಹರ್ಬರ್ಟ್ ಮಾರಿಸನ್.