ಶಿವಂಗಿಯ ಬೇಟೆ

ಪಾಠಶಾಲೆಯಲ್ಲಿ ಪ್ರಾಣಿಗಳ ಚಿತ್ರಪಟವನ್ನು ತೋರಿಸಿ ಹೆಸರು ಕೇಳಿದರೆ, ಮೈಮೇಲೆ ಚುಕ್ಕೆಗಳುಳ್ಳ ದೊಡ್ಡ ಬೆಕ್ಕುಗಳನ್ನೆಲ್ಲ ವಿದ್ಯಾರ್ಥಿಗಳು ಚಿರತೆಯೆಂದೇ ಕರೆಯುವುದುಂಟು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಚೀತಾ ಎಂಬ ಮೃಗಕ್ಕೆ ಕನ್ನಡದಲ್ಲಿ ಶಿವಂಗಿ ಎಂಬ ಪ್ರತ್ಯೇಕವಾದ ಹೆಸರೇ ಇದ್ದಿತು. 1867ರಲ್ಲಿ ಭಾರತದ ಸಸ್ತನಿಗಳನ್ನು ಕುರಿತು ಗ್ರಂಥ ಬರೆದ ಜೆರ್ಡನ್ ಸಾಹೇಬನು ಈ ಕನ್ನಡ ಹೆಸರನ್ನು ಕೇಳಿ ಬರೆದುಕೊಂಡಿದ್ದಾನೆ. ಮೃಗವು ಬಯಲಿನಿಂದ ಮರೆಯಾದ ಮೇಲೆ ಹೆಸರೂ ಬಾಯಿಂದ ಜಾರಿತು. ಅದು ಹೇಗೆ ಮರೆಯಾಯಿತು ಎಂಬುದನ್ನು ತಿಳಿಯಬೇಕಾದರೆ, ಮೊದಲು ಅದು ಹೇಗೆ ಬದುಕುತ್ತಿತ್ತು ಎಂಬುದನ್ನು ತಿಳಿಯಬೇಕು.

ಚಿರತೆಯ ಮೈಮೇಲಿನ ಮಚ್ಚೆಗಳು ಹೂವಿನೆಸಳುಗಳನ್ನು ಸುತ್ತಲೂ ಜೋಡಿಸಿದಂತಿರುತ್ತವೆ. ಶಿವಂಗಿಯವು ಬೆರಳಿನಿಂದ ಒತ್ತಿದಂತಹ ಕಪ್ಪು ಬೊಟ್ಟುಗಳು. ಅದರ ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಣ್ಣೀರು ಹರಿದ ಗುರುತಿನಂತೆ ಒಂದು ಕರಿಗೆರೆ ಇಳಿದಿರುತ್ತದೆ. ಸಣ್ಣ ತಲೆ, ನೀಳವಾದ ಕಾಲುಗಳು, ಬಿಲ್ಲಿನಂತೆ ಬಾಗುವ ಬೆನ್ನು, ಓಟದಲ್ಲಿ ತಿರುಗುವಾಗ ಮೈಯನ್ನು ತೂಗಿಕೊಳ್ಳುವ ಉದ್ದ ಬಾಲ, ನೆಲವನ್ನು ಕಚ್ಚಿ ಹಿಡಿಯುವ ಉಗುರುಗಳು, ಇವೆಲ್ಲವೂ ವೇಗಕ್ಕಾಗಿಯೇ ರೂಪುಗೊಂಡವು. ಚಿರತೆಯು ರಾತ್ರಿಯ ಬೇಟೆಗಾರ. ಪೊದೆಯೂ ಮರವೂ ಅದಕ್ಕೆ ಆಶ್ರಯ. ಶಿವಂಗಿಯಾದರೋ ಹೆಚ್ಚಾಗಿ ಹಗಲಿನಲ್ಲಿ, ತೆರೆದ ಹುಲ್ಲುಗಾವಲಿನಲ್ಲಿ, ಕಣ್ಣನ್ನೇ ನಂಬಿ ಬೇಟೆಯಾಡುತ್ತದೆ.

ಅದು ದಿಣ್ಣೆಯ ಮೇಲೆ ನಿಂತು ದೂರದ ಹಿಂಡನ್ನು ನೋಡುತ್ತದೆ. ತಲೆ ತಗ್ಗಿಸಿ, ಹುಲ್ಲಿನ ಮರೆಯಲ್ಲಿ ನಿಂತು ನಿಂತು ಸಾಗುತ್ತದೆ. ಸಾಕಷ್ಟು ಹತ್ತಿರ ಬಂದ ಮೇಲೆ ಒಂದೇ ಸಮನೆ ಮುನ್ನುಗ್ಗುತ್ತದೆ. ಗಂಟೆಗೆ 90 ಕಿಲೋಮೀಟರಿಗೂ ಮಿಕ್ಕಿದ ಈ ವೇಗವು ಬಹಳ ಹೊತ್ತು ನಿಲ್ಲುವುದಿಲ್ಲ. ಸಾಮಾನ್ಯವಾಗಿ 300 ಮೀಟರಿನೊಳಗೆ ಬೇಟೆಯ ನಿರ್ಣಯವಾಗುತ್ತದೆ. ಮುಂಗಾಲಿನ ಒಳಬದಿಯ ಕೊಕ್ಕೆಯುಗುರಿನಿಂದ ಎರಳೆಯನ್ನು ಎಡವಿಸಿ ಕೆಡಹಿ, ಗಂಟಲನ್ನು ಕಚ್ಚಿ ಉಸಿರುಗಟ್ಟಿಸುತ್ತದೆ. ಆ ಬಳಿಕ ಏದುಸಿರು ಬಿಡುತ್ತ ಕುಳಿತುಬಿಡುತ್ತದೆ. ಆಗ ಕತ್ತೆಕಿರುಬವೋ ಸಿಂಹವೋ ಬಂದರೆ, ತಾನು ಕೊಂದುದನ್ನು ಬಿಟ್ಟುಕೊಟ್ಟು ಹೋಗುತ್ತದೆಯೇ ಹೊರತು ಹೋರಾಡುವುದಿಲ್ಲ. ಗಾಯಗೊಂಡ ಕಾಲಿನಿಂದ ನಾಳೆಯ ಓಟ ಸಾಧ್ಯವಿಲ್ಲವಷ್ಟೆ.

ಹೆಣ್ಣು ಶಿವಂಗಿಯು ಒಂಟಿಯಾಗಿ ಮರಿಗಳನ್ನು ಸಾಕುತ್ತದೆ. ಗಂಡುಗಳು ಅನೇಕ ವೇಳೆ ಒಡಹುಟ್ಟಿದವುಗಳೇ ಎರಡು ಮೂರು ಕೂಡಿ ಬಾಳುತ್ತವೆ. ಸುಮಾರು ಮೂರು ತಿಂಗಳ ಗರ್ಭದ ನಂತರ ಹುಟ್ಟುವ ಮರಿಗಳು ಹತ್ತಿರ ಹತ್ತಿರ ಒಂದೂವರೆ ವರ್ಷ ತಾಯಿಯ ಜೊತೆಯಲ್ಲಿರುತ್ತವೆ. ಈ ಕಾಲವೇ ಅವುಗಳ ವಿದ್ಯಾಭ್ಯಾಸದ ಕಾಲ. ತಾಯಿಯು ಎಳೆಯ ಎರಳೆಮರಿಯನ್ನು ಜೀವಂತವಾಗಿ ಹಿಡಿದು ತಂದು ಮರಿಗಳ ಮುಂದೆ ಬಿಡುತ್ತದೆ. ಅವು ಅಟ್ಟುತ್ತವೆ, ತಪ್ಪುತ್ತವೆ, ಮತ್ತೆ ಅಟ್ಟುತ್ತವೆ. ಓಡುವ ಶಕ್ತಿ ಹುಟ್ಟಿನಿಂದ ಬಂದುದು. ಬೇಟೆಯ ಕುಶಲತೆ ತಾಯಿಯ ಬಳಿಯಲ್ಲಿ ಪಳಗಿ ಬಂದುದು.

ಈ ಮಾತನ್ನು ವಿಸ್ತರಿಸಿ ಹೇಳಿದುದಕ್ಕೆ ಕಾರಣವಿದೆ. ಶಿವಂಗಿಯ ಮುಂದಿನ ಚರಿತ್ರೆಯು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಶಿವಂಗಿಯನ್ನು ಪಳಗಿಸಿ ಬೇಟೆಗೆ ಬಿಡುವ ವಿನೋದವು ನಮ್ಮ ದೇಶದಲ್ಲಿ ಹಳೆಯದು. ಇದರ ಪ್ರಾಚೀನವಾದ ಉಲ್ಲೇಖಗಳಲ್ಲೊಂದು ಕನ್ನಡ ನೆಲದಲ್ಲಿಯೇ ಹುಟ್ಟಿದ ಗ್ರಂಥದಲ್ಲಿ ದೊರೆಯುತ್ತದೆಂಬುದು ನಮಗೆ ಅಭಿಮಾನದ ವಿಷಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜವಿನೋದಗಳನ್ನು ವರ್ಣಿಸುವಾಗ ಈ ಬೇಟೆಯನ್ನೂ ಹೇಳುತ್ತದೆ. ಆ ಕಲ್ಯಾಣವು ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ದೂರದ ಊರಲ್ಲ.

ಮೊಗಲರ ಕಾಲದಲ್ಲಿ ಈ ವಿನೋದವು ಪರಾಕಾಷ್ಠೆಗೇರಿತು. ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಇದರ ವಿವರಗಳನ್ನು ಕೊಟ್ಟಿದ್ದಾನೆ. ಶಿವಂಗಿಗಳು ಬಂದು ಸೇರುವ ಮರಗಳನ್ನು ಗುರುತಿಸಿ ಉರುಲೊಡ್ಡುತ್ತಿದ್ದರು. ಗುಂಡಿ ತೋಡಿ ಕೆಡವುತ್ತಿದ್ದರು. ಆಳವಾದ ಗುಂಡಿಯಲ್ಲಿ ಬಿದ್ದು ಅವುಗಳ ಕಾಲು ಮುರಿಯುತ್ತಿದ್ದುದರಿಂದ, ಅಕ್ಬರನು ಎರಡು ಮೂರು ಗಜದ ಗುಂಡಿಗೆ ತಾನಾಗಿ ಮುಚ್ಚುವ ಬಾಗಿಲನ್ನು ಮಾಡಿಸಿದನಂತೆ. ಎರಡು ಮೂರು ತಿಂಗಳು ಹಿಡಿಯುತ್ತಿದ್ದ ಶಿಕ್ಷಣವು ಅವನ ಕಾಲದಲ್ಲಿ 18 ದಿನಗಳಿಗೆ ಇಳಿಯಿತು. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನಲ್ಲಿಯೂ ಬೇಟೆಯ ಶಿವಂಗಿಗಳಿದ್ದವು.

ಬೇಟೆಯ ದಿನ ಮೃಗದ ಕಣ್ಣಿಗೆ ಟೊಪ್ಪಿಗೆ ಕಟ್ಟಿ ಎತ್ತಿನ ಬಂಡಿಯ ಮೇಲೆ ಕೂರಿಸುತ್ತಿದ್ದರು. ಒಕ್ಕಲಿಗರ ಬಂಡಿಗಳನ್ನು ನಿತ್ಯವೂ ಕಾಣುವ ಕೃಷ್ಣಮೃಗಗಳು ಬಂಡಿಗೆ ಬೆದರುತ್ತಿರಲಿಲ್ಲ. ಹತ್ತಿರವಾದೊಡನೆ ಟೊಪ್ಪಿಗೆ ತೆಗೆದರೆ ಮುಂದಿನ ಕೆಲಸ ಶಿವಂಗಿಯದು. ಎರಳೆ ಬಿದ್ದ ಮೇಲೆ ಮಾವುತನಂತಿದ್ದ ಪಾಲಕನು ಮರದ ಸೌಟಿನಲ್ಲಿ ರಕ್ತವನ್ನು ಹಿಡಿದು ಕುಡಿಸಿ, ಪುನಃ ಕಣ್ಣು ಕಟ್ಟುತ್ತಿದ್ದನು.

ಇಲ್ಲಿ ವಿಚಾರವಂತರು ಒಂದು ಪ್ರಶ್ನೆ ಕೇಳಬಹುದು. ಅರಮನೆಯವರು ಮರಿಗಳನ್ನೇ ತಂದು ಸಾಕಿ ಕಲಿಸಬಹುದಾಗಿತ್ತಲ್ಲವೆ? ಆಗುತ್ತಿರಲಿಲ್ಲ. ತಾಯಿಯಿಂದ ಬೇಟೆಯನ್ನು ಕಲಿಯದ ಮರಿಯು ಪ್ರಯೋಜನಕ್ಕೆ ಬಾರದೆಂದು ಹಿಡಿಯುವವರು ಅನುಭವದಿಂದ ಬಲ್ಲವರಾಗಿದ್ದರು. ಆದುದರಿಂದ ಕಾಡಿನಲ್ಲಿ ಬೆಳೆದು ಬಲಿತ ಮೃಗವನ್ನೇ ಹಿಡಿಯುತ್ತಿದ್ದರು. ಪಾಲಕನು ಕಲಿಸುತ್ತಿದ್ದುದು ಮನುಷ್ಯರ ಸಹವಾಸವನ್ನು ಮಾತ್ರ, ಬೇಟೆಯನ್ನಲ್ಲ.

ಹಿಡಿದವು ಸೆರೆಯಲ್ಲಿ ಮರಿ ಹಾಕುತ್ತಲೂ ಇರಲಿಲ್ಲ. ತನ್ನ ತಂದೆಯು 1000 ಶಿವಂಗಿಗಳನ್ನು ಕೂಡಿಹಾಕಿ, ಅವು ಜೊತೆಗೂಡಲೆಂದು ಬಹಳ ಬಯಸಿದರೂ ಫಲಿಸಲಿಲ್ಲವೆಂದು ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1613ರಲ್ಲಿ ಒಂದು ಗಂಡು ಕೊರಳಪಟ್ಟಿಯನ್ನು ಕಳಚಿಕೊಂಡು ಹೆಣ್ಣಿನ ಬಳಿಗೆ ಹೋಗಿ, ಮೂರು ಮರಿಗಳಾದುದನ್ನು ಅವನು ಆಶ್ಚರ್ಯವೆಂದೇ ದಾಖಲಿಸಿದನು. ಹೀಗೆ ಅರಮನೆಗೆ ಬಂದ ಪ್ರತಿಯೊಂದು ಶಿವಂಗಿಯೂ ಬಯಲಿನ ಲೆಕ್ಕದಲ್ಲಿ ಕಳೆಯಿತು. ಅದರ ಸ್ಥಾನವನ್ನು ತುಂಬುವ ಮರಿ ಅರಮನೆಯಲ್ಲಿ ಹುಟ್ಟಲಿಲ್ಲ. ತಾಯಿಯೊಂದು ಉರುಲಿಗೆ ಬಿದ್ದರೆ, ಅದರ ಮರಿಗಳ ಪಾಠವೂ ಅಲ್ಲಿಗೇ ಮುಗಿಯಿತು.

ಆದರೆ ಅರಸರ ವಿನೋದ ಒಂದೇ ಇದಕ್ಕೆ ಕಾರಣವೆನ್ನುವುದು ನ್ಯಾಯವಲ್ಲ. ಹುಲ್ಲುಗಾವಲುಗಳು ಹೊಲಗಳಾದವು. ಕೋವಿಯ ಬಾಯಿಗೆ ಕೃಷ್ಣಮೃಗಗಳ ಹಿಂಡುಗಳು ಕರಗಿದವು. ಬ್ರಿಟಿಷ್ ಆಡಳಿತವು ಶಿವಂಗಿಯನ್ನು ಕೊಂದವರಿಗೆ ಬಹುಮಾನವನ್ನೂ ಕೊಟ್ಟಿತು. 20ನೆಯ ಶತಮಾನದ ಹೊತ್ತಿಗೆ ದೇಶದೊಳಗೆ ಹಿಡಿಯಲು ಶಿವಂಗಿಗಳೇ ದುರ್ಲಭವಾಗಿ, ಕೊಲ್ಲಾಪುರ, ಭಾವನಗರಗಳಂತಹ ಸಂಸ್ಥಾನಗಳು ಆಫ್ರಿಕದಿಂದ ತರಿಸಿಕೊಂಡವು. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಗದೇವರು ಒಂದೇ ರಾತ್ರಿ ಮೂರು ಗಂಡುಗಳನ್ನು ಗುಂಡಿಟ್ಟು ಕೊಂದರು. ಖಚಿತವಾದ ದಾಖಲೆಯುಳ್ಳ ಕೊನೆಯವು ಅವೇ. 1952ರಲ್ಲಿ ಭಾರತ ಸರಕಾರವು ಈ ಮೃಗವು ನಾಮಶೇಷವಾಯಿತೆಂದು ಸಾರಿತು. ಏಷ್ಯದ ಈ ತಳಿಯು ಇಂದು ಇರಾನಿನಲ್ಲಿ ಮಾತ್ರ, ಅತಿ ಸ್ವಲ್ಪ ಸಂಖ್ಯೆಯಲ್ಲಿ ಉಳಿದಿದೆ.

2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ 8, ಮರುವರ್ಷದ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ 12 ಚೀತಾಗಳು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಬಂದವು. ಇವು ಆಫ್ರಿಕದ ತಳಿಯವು. 2023ರ ಮಾರ್ಚಿಯಲ್ಲಿ ಅಲ್ಲಿ ನಾಲ್ಕು ಮರಿಗಳು ಹುಟ್ಟಿದವು; ಮೇ ತಿಂಗಳ ಬೇಗೆಯಲ್ಲಿ ಮೂರು ಸತ್ತವು. ಆಮೇಲೆ ಬೇರೆ ಮರಿಗಳೂ ಹುಟ್ಟಿವೆ. ಪ್ರಯತ್ನವು ಫಲಿಸಲೆಂದು ಹಾರೈಸೋಣ.

ಸೊಲ್ಲಾಪುರದ ಬಳಿಯ ನಾನ್ನಜದ ಹುಲ್ಲುಗಾವಲಿನಲ್ಲಿ ಇಂದಿಗೂ ಕೃಷ್ಣಮೃಗಗಳು ಮೇಯುತ್ತವೆ. ಯಾವುದಾದರೂ ಸದ್ದಿಗೆ ಬೆದರಿ ಹಿಂಡೆಲ್ಲ ಒಮ್ಮೆಲೇ ನೆಗೆದು ಹಾರಿದಾಗ, ಅಷ್ಟು ವೇಗವನ್ನು ಅವು ಯಾರಿಗೆ ಅಂಜಿ ಕಲಿತವು ಎಂದು ಉಪಾಧ್ಯಾಯರು ಮಕ್ಕಳನ್ನು ಕೇಳಬಹುದು. ಬೆನ್ನಟ್ಟಿದವನು ಹೋದನು, ಓಟ ಮಾತ್ರ ಉಳಿದಿದೆ. ಅವನ ಹೆಸರು ಶಿವಂಗಿ ಎಂದು ಮಕ್ಕಳಿಗೆ ಹೇಳಿಕೊಡುವುದು ನಮ್ಮ ಕೈಯಲ್ಲಿದೆ.