ತೂಕದ ಕಲಿಕೆ, ಎಳೆಯ ಮಕ್ಕಳಲ್ಲಿ

ವಸ್ತುಗಳ ಭಾರವನ್ನು ಹೋಲಿಸುವುದು, ಭಾರದ ಕ್ರಮದಲ್ಲಿ ಜೋಡಿಸುವುದು, ಕೊನೆಗೆ ಗ್ರಾಂ ಮತ್ತು ಕಿಲೋಗ್ರಾಂಗಳಲ್ಲಿ ಅಳೆಯುವುದು ಇವನ್ನು ಅಂಗನವಾಡಿಯಿಂದ ಮೂರು ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಹಂತಹಂತವಾಗಿ ರೂಢಿಸುವ ಕಲಿಕೆ. ಶಾಲೆಯ ಗಣಿತದಲ್ಲಿ ಉದ್ದ, ಕಾಲ, ಪಾತ್ರೆಯ ಹಿಡಿತ ಇವುಗಳ ಜೊತೆಗೆ ಅಳತೆಯ ಭಾಗವಾಗಿ ಬರುತ್ತದೆ. ಎರಡು ಕೋಲುಗಳಲ್ಲಿ ಉದ್ದನೆಯದು ಯಾವುದೆಂದು ಕಣ್ಣೇ ಹೇಳುತ್ತದೆ. ತೂಕ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈ ಪಾಠವನ್ನು ಚಿತ್ರಗಳಿಂದ ಕಲಿಸಲಾಗದು. ಆನೆ ಮತ್ತು ಇರುವೆಯ ಚಿತ್ರ ತೋರಿಸಿ ‘ಯಾವುದು ಭಾರ?’ ಎಂದು ಕೇಳಿದರೆ ಮಗು ಸರಿಯಾಗಿಯೇ ಉತ್ತರಿಸುತ್ತದೆ, ಆದರೆ ಅದು ಗಾತ್ರವನ್ನು ನೋಡಿ ಕೊಟ್ಟ ಉತ್ತರ. ತೂಕದ ಅರಿವು ಕೈಯಲ್ಲಿ ಹುಟ್ಟಬೇಕು.

ಇದನ್ನು ಚೆನ್ನಾಗಿ ಅರಿತವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ. 1907ರಲ್ಲಿ ರೋಮಿನಲ್ಲಿ ಅವರು ಆರಂಭಿಸಿದ ಮಕ್ಕಳ ಮನೆಯ ಅನುಭವದಿಂದ ರೂಪುಗೊಂಡ ಸಾಧನಗಳಲ್ಲಿ ತೂಕದ ಹಲಗೆಗಳೂ ಸೇರಿವೆ. 6 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಈ ಪುಟ್ಟ ಹಲಗೆಗಳನ್ನು ಮೂರು ಬಗೆಯ ಮರದಿಂದ ಮಾಡುತ್ತಾರೆ. ಮಾಂಟೆಸ್ಸರಿಯವರ ವಿವರಣೆಯಂತೆ ಅವುಗಳ ತೂಕ 24, 18 ಮತ್ತು 12 ಗ್ರಾಂ. ಗಾತ್ರವೆಲ್ಲ ಒಂದೇ, ಬೇರೆಯಾಗಿರುವುದು ತೂಕವೊಂದೇ. ಮಗು ಎರಡು ಕೈಗಳನ್ನೂ ಚಾಚಿ, ಬೆರಳುಗಳ ಮೇಲೆ ಒಂದೊಂದು ಹಲಗೆ ಇರಿಸಿಕೊಂಡು, ಕೈಯನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿ ನೋಡುತ್ತದೆ. ಮರದ ಬಣ್ಣ ಸುಳಿವು ಕೊಡುವುದರಿಂದ ಆಮೇಲೆ ಕಣ್ಣು ಮುಚ್ಚಿ ಇದೇ ಆಟ ಆಡುತ್ತದೆ. 1939ರಲ್ಲಿ ಭಾರತಕ್ಕೆ ಬಂದ ಮಾಂಟೆಸ್ಸರಿ ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಬೇರೂರಲು ಅದು ಮುಖ್ಯ ಕಾರಣ. ಹಲಗೆಗಳಿಲ್ಲದ ಕಡೆ ಒಂದೇ ಬಗೆಯ ಮುಚ್ಚಳದ ಡಬ್ಬಿಗಳಲ್ಲಿ ಹತ್ತಿ, ಅಕ್ಕಿ, ಮರಳು ತುಂಬಿಟ್ಟರೂ ಅದೇ ಪಾಠ ನಡೆಯುತ್ತದೆ.

ಕೈಯ ಅಂದಾಜಿಗೆ ಮಿತಿಯಿದೆ. ಜರ್ಮನಿಯ ಇ. ಎಚ್. ವೇಬರ್ 19ನೆಯ ಶತಮಾನದ ಮೊದಲರ್ಧದಲ್ಲಿ ಕಂಡುಕೊಂಡಂತೆ, ಎರಡು ಭಾರಗಳ ವ್ಯತ್ಯಾಸ ತಿಳಿಯುವುದು ಅವುಗಳ ಅನುಪಾತವನ್ನು ಅವಲಂಬಿಸಿದೆ. 50 ಗ್ರಾಮಿಗೆ 25 ಗ್ರಾಂ ಸೇರಿಸಿದರೆ ತಟ್ಟನೆ ಗೊತ್ತಾಗುತ್ತದೆ. 5 ಕಿಲೋ ಚೀಲಕ್ಕೆ ಅಷ್ಟೇ ಸೇರಿಸಿದರೆ ಯಾರಿಗೂ ಗೊತ್ತಾಗದು. ಹಾಗಾಗಿ ಮೊದಮೊದಲು ಒಂದಕ್ಕೆ ಎರಡರಷ್ಟಾದರೂ ಭಾರವಿರುವ ಜೋಡಿಗಳನ್ನು ಕೊಡುವುದು ಒಳ್ಳೆಯದು. ಇನ್ನೊಂದು ತೊಡಕನ್ನು ಫ್ರಾನ್ಸಿನ ಶಾರ್ಪಾಂಟಿಯೆ 1891ರಲ್ಲಿ ವರ್ಣಿಸಿದರು. ಸಮ ತೂಕದ ಎರಡು ವಸ್ತುಗಳಲ್ಲಿ ಚಿಕ್ಕದೇ ಹೆಚ್ಚು ಭಾರವೆನಿಸುತ್ತದೆ. ತೂಕ ಸಮವೆಂದು ತಿಳಿದ ಮೇಲೂ ಈ ಭ್ರಮೆ ಹೋಗುವುದಿಲ್ಲ. ಮಗು ಇಲ್ಲಿ ತಪ್ಪಿದರೆ ಅದನ್ನು ದಡ್ಡತನವೆಂದು ಎಣಿಸಬಾರದು, ದೊಡ್ಡವರ ಕೈಯೂ ಹಾಗೆಯೇ ಮೋಸಹೋಗುತ್ತದೆ. ಈ ಮೋಸವನ್ನು ಮಕ್ಕಳಿಗೆ ಬೇಕೆಂದೇ ತೋರಿಸಿಕೊಡುವುದು ಲೇಸು. ಕೈಯನ್ನು ನಂಬಲಾಗದು ಎಂದು ಅನುಭವಕ್ಕೆ ಬಂದ ಗಳಿಗೆಯಲ್ಲೇ ತಕ್ಕಡಿ ಏಕೆ ಬೇಕೆಂಬುದು ಅವರಿಗೆ ಅರ್ಥವಾಗುತ್ತದೆ.

ತಕ್ಕಡಿಯನ್ನು ಮಕ್ಕಳಿಂದಲೇ ಮಾಡಿಸುವುದು ರೂಢಿ. ನೆಟ್ಟನೆಯ ಕೋಲು, ಎರಡು ತೆಂಗಿನ ಚಿಪ್ಪು, ದಾರ ಇಷ್ಟೇ ಸಾಕು. ದಂಡಿಗೆಯ ನಡುವಿನ ತೂತು ಕೋಲಿನ ಅಗಲದಲ್ಲಿ ತುಸು ಮೇಲಕ್ಕೆ ಇರಬೇಕು. ಕೆಳಗಾದರೆ ದಂಡಿಗೆ ನೆಲೆ ನಿಲ್ಲದೆ ಮಗುಚಿಕೊಳ್ಳುತ್ತದೆ. ಎರಡೂ ಕಡೆಯ ಚಿಪ್ಪುಗಳು ನಡುವಿನಿಂದ ಸಮ ದೂರದಲ್ಲಿ ತೂಗಬೇಕು. ತಕ್ಕಡಿ ಸರಿಯಾಗಿದೆಯೇ ಎಂದು ನೋಡಲು ಹಳೆಯ ಉಪಾಯವೊಂದಿದೆ: ಸಮ ತೂಗಿದ ವಸ್ತುಗಳನ್ನು ಅದಲುಬದಲು ಮಾಡಿ ಇಡುವುದು. ಆಗಲೂ ಸಮ ನಿಂತರೆ ತಕ್ಕಡಿ ನೇರ, ವಾಲಿದರೆ ಅದರಲ್ಲೇ ಕೊರತೆಯಿದೆ. ಮೇಲೆ ಹೋದ ತಟ್ಟೆಯೇ ಹೆಚ್ಚಿನದು ಎಂದು ಅನೇಕ ಮಕ್ಕಳು ಮೊದಲು ಹೇಳುತ್ತಾರೆ, ಎತ್ತರವನ್ನು ಹೆಚ್ಚಿನ ಗುರುತೆಂದು ತಿಳಿಯುವುದರಿಂದ. ಕಲ್ಲು ಮತ್ತು ಹತ್ತಿಯಂತಹ, ಕೈಗೆ ಸಂದೇಹವೇ ಬರದ ಜೋಡಿಯಿಂದ ಶುರುಮಾಡಿದರೆ ಈ ತಪ್ಪು ತಾನೇ ತಿದ್ದಿಕೊಳ್ಳುತ್ತದೆ.

ಗಾತ್ರಕ್ಕೂ ತೂಕಕ್ಕೂ ಇರುವ ಗೊಂದಲವನ್ನು ಬಿಡಿಸಲು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಒಳ್ಳೆಯ ಸಾಮಗ್ರಿಯೇ ಇದೆ. ಅಲ್ಲಿ ಪಾವು, ಸೇರುಗಳಲ್ಲಿ ಕಾಳು ಅಳೆಯುವ ರೂಢಿಯಿತ್ತು. ಒಂದೇ ಪಾವಿನಲ್ಲಿ ಒಮ್ಮೆ ಮಂಡಕ್ಕಿ, ಒಮ್ಮೆ ರಾಗಿ ತುಂಬಿ ತಕ್ಕಡಿಗೆ ಸುರಿದರೆ, ಅಳತೆ ಒಂದೇ ಆದರೂ ತೂಕ ಬೇರೆಯೆಂದು ಮಗು ಸ್ವತಃ ಕಾಣುತ್ತದೆ. ಮಂಡಕ್ಕಿಯನ್ನು ರಾಗಿಯ ತೂಕಕ್ಕೆ ಸರಿದೂಗಿಸಲು ಹೊರಟರೆ ತಟ್ಟೆ ತುಂಬಿ ಚೆಲ್ಲುತ್ತದೆ. ಮಕ್ಕಳಿಗೆ ಇದು ತುಂಬ ಇಷ್ಟದ ಪ್ರಯೋಗ.

ಆಮೇಲೆ ಬರುವುದು ಪ್ರಮಾಣಿತವಲ್ಲದ ಏಕಮಾನಗಳು: ಗೋಲಿ, ಹುಣಸೆಬೀಜ, ಒಂದೇ ಬಗೆಯ ನಾಣ್ಯ. ಒಂದು ಬಳಪದ ಡಬ್ಬಿ ಎಷ್ಟು ಗೋಲಿಗೆ ಸಮ? ಒಬ್ಬರ ಗೋಲಿ ದೊಡ್ಡದು, ಇನ್ನೊಬ್ಬರದು ಚಿಕ್ಕದು, ಉತ್ತರಗಳು ಹೊಂದುವುದಿಲ್ಲ. ಎಲ್ಲರಿಗೂ ಒಂದೇ ಆದ ಏಕಮಾನದ ಅಗತ್ಯ ಈ ಜಗಳದಿಂದಲೇ ಮೂಡುತ್ತದೆ. ದೇಶದಲ್ಲಿಯೂ ಹಾಗೆಯೇ ಆಯಿತು. ಪ್ರಾಂತಕ್ಕೊಂದು ಸೇರು, ಮಣಗಳಿದ್ದ ಭಾರತದಲ್ಲಿ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿ ಬಂದು, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ವ್ಯಾಪಾರದಲ್ಲಿ ಬಳಕೆಗೆ ಬಂತು. ಕಿಲೋಗ್ರಾಂ ಕಲಿಸುವಾಗ ಮನೆಯ ವಸ್ತುಗಳೇ ಗುರುತಾಗಿ ನಿಲ್ಲಬೇಕು. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ಅರ್ಧ ಕಿಲೋಗಿಂತ ಸ್ವಲ್ಪವೇ ಹೆಚ್ಚು. ಅಂಗಡಿಯ 500, 200, 100, 50 ಗ್ರಾಂ ಕಲ್ಲುಗಳಿಂದ 650 ಗ್ರಾಂ ಹೇಗೆ ತೂಗುವುದೆಂದು ಕೇಳಿದರೆ ಕೂಡುವ ಲೆಕ್ಕವೂ ಅಲ್ಲಿಯೇ ಆಗುತ್ತದೆ. 500ರ ಜೊತೆ 100 ಮತ್ತು 50 ಇಡುವವರಿದ್ದಾರೆ. 500 ಮತ್ತು 200 ಒಂದು ತಟ್ಟೆಗಿಟ್ಟು, ಸಾಮಾನಿನ ಕಡೆಗೆ 50 ಇಡುವ ಮಗು ವ್ಯವಕಲನವನ್ನೂ ಕಂಡುಕೊಂಡಂತೆ.

ಸಂಖ್ಯೆಗಿಂತ ಹೋಲಿಕೆ ಮೊದಲು ಎಂಬುದನ್ನು ಪಠ್ಯಕ್ರಮದ ತಳಹದಿಯಾಗಿಯೇ ಮಾಡಿಕೊಂಡವರು ಸೋವಿಯತ್ ಒಕ್ಕೂಟದ ಎಲ್ಕೋನಿನ್ ಮತ್ತು ಡವಿಡೋವ್. ಅವರ ಕ್ರಮದಲ್ಲಿ ಒಂದನೆಯ ತರಗತಿಯ ಮಕ್ಕಳು ಎಣಿಕೆಗೆ ಮುನ್ನವೇ ಉದ್ದ, ಹಿಡಿತ, ತೂಕಗಳನ್ನು ಹೋಲಿಸಿ, ‘ಹೆಚ್ಚು’, ‘ಕಡಿಮೆ’, ‘ಸಮ’ ಎಂಬುದನ್ನು ಅಕ್ಷರ ಮತ್ತು ಚಿಹ್ನೆಗಳಿಂದ ಬರೆಯುತ್ತಾರೆ. ನಮ್ಮ ಎನ್‌ಸಿಇಆರ್‌ಟಿಯ 2006ರ ಮೂರನೆಯ ತರಗತಿಯ ಗಣಿತ ಪುಸ್ತಕದಲ್ಲಿ ತೂಕದ ಅಧ್ಯಾಯದ ಶೀರ್ಷಿಕೆಯೇ ‘ಯಾರು ಹೆಚ್ಚು ಭಾರ?’ ಎಂಬರ್ಥದ ಪ್ರಶ್ನೆ.

ತೂಕ ಉಳಿದುಕೊಳ್ಳುತ್ತದೆ ಎಂಬ ತಿಳಿವಳಿಕೆ ತಡವಾಗಿ ಬರುತ್ತದೆ. ಜಿನೀವಾದ ಜ್ಯಾಂ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮ ತೂಕದ ಎರಡು ಜೇಡಿಮಣ್ಣಿನ ಉಂಡೆಗಳಲ್ಲಿ ಒಂದನ್ನು ಮಕ್ಕಳೆದುರೇ ಹೊಸೆದು ಉದ್ದ ಮಾಡಿದರು. ಮಣ್ಣು ಅಷ್ಟೇ ಇದೆ ಎಂಬುದನ್ನು ಏಳೆಂಟು ವರ್ಷಕ್ಕೆ ಒಪ್ಪುವ ಮಕ್ಕಳು, ತೂಕವೂ ಅಷ್ಟೇ ಎಂಬುದನ್ನು ಒಂಬತ್ತು ಹತ್ತರ ಹೊತ್ತಿಗಷ್ಟೇ ಒಪ್ಪುತ್ತಾರೆ ಎಂಬುದು ಅವರ ತೀರ್ಮಾನ. ಈ ವಯಸ್ಸು ಮಗುವಿನಿಂದ ಮಗುವಿಗೆ ಹಿಂದುಮುಂದಾಗಬಹುದು. ಹೇಳಿ ಒಪ್ಪಿಸುವ ಆತುರ ಬೇಡ. ಚಪಾತಿ ಹಿಟ್ಟಿನ ಉಂಡೆಯನ್ನು ತೂಗಿ, ಲಟ್ಟಿಸಿ, ಮತ್ತೆ ತೂಗುವ ಅವಕಾಶ ಪದೇಪದೇ ಸಿಗಬೇಕು.

ಈಗ ಅಂಗಡಿಗಳಲ್ಲಿ ಡಿಜಿಟಲ್ ಯಂತ್ರಗಳೇ ಹೆಚ್ಚು. ಅವು ಸಂಖ್ಯೆಯನ್ನು ಕೊಡುತ್ತವೆ, ಸಮತೋಲವನ್ನು ತೋರಿಸುವುದಿಲ್ಲ. ಅದರಿಂದ ಶಾಲೆಯಲ್ಲಿ ತಕ್ಕಡಿಯನ್ನು ಮೂಲೆಗೆ ಸರಿಸದೆ, ಯಂತ್ರವನ್ನು ಎರಡನೆಯ ಹಂತದ ಸಾಧನವಾಗಿ ತರುವುದು ಸೂಕ್ತ: ಮೊದಲು ಅಂದಾಜು, ಆಮೇಲೆ ತಕ್ಕಡಿ, ಕೊನೆಗೆ ಯಂತ್ರದ ಅಂಕಿ. ತಕ್ಕಡಿ ಹೋಲಿಸುವುದು ದ್ರವ್ಯರಾಶಿಯನ್ನು, ಸ್ಪ್ರಿಂಗ್ ತೂಕಮಾಪಕ ಅಳೆಯುವುದು ಗುರುತ್ವದ ಸೆಳೆತವನ್ನು. ಈ ಭೇದ ಪ್ರೌಢಶಾಲೆಯ ವಿಜ್ಞಾನಕ್ಕೆ ಸೇರಿದ್ದು. ಕಿರಿಯ ತರಗತಿಗಳಲ್ಲಿ ಎರಡಕ್ಕೂ ತೂಕ ಎಂದೇ ಹೇಳಿದರೆ ಸಾಕು.