ಬೀದಿ ಗುಡಿಸುವವರು ಕಟ್ಟಿದ ರಂಗಭೂಮಿ

ಜಮೈಕಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್ಟು. 1976ರಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕಿನಲ್ಲಿ ನಮ್ಮ ಆಟಗಾರರು ವೇಗದ ಚೆಂಡಿಗೆ ಮೈಯೊಡ್ಡಿ ಗಾಯಗೊಂಡದ್ದನ್ನೂ, ನಮ್ಮ ವಿಶ್ವನಾಥರ ಬೆರಳಿಗೆ ಪೆಟ್ಟು ಬಿದ್ದುದನ್ನೂ ಹಿರಿಯರು ಇಂದಿಗೂ ಹೇಳುವುದುಂಟು. ಮರುವರ್ಷ ಅದೇ ಊರಿನಲ್ಲಿ ಒಂದು ನಾಟಕ ಮಂಡಲಿ ಹುಟ್ಟಿತು. ಅದರ ಸುದ್ದಿ ಮಾತ್ರ ಇತ್ತ ಬಂದದ್ದು ಕಡಮೆ.

ಮಂಡಲಿಯ ಹೆಸರು ಸಿಸ್ಟ್ರೆನ್. ಅಕ್ಕತಂಗಿಯರು ಎಂದು ಅದರ ಅರ್ಥ. ಇದನ್ನು ಕಟ್ಟಿದವರು ಹನ್ನೆರಡು ಹದಿಮೂರು ಮಂದಿ ಬಡ ಹೆಂಗಸರು. ನಾಟಕಶಾಲೆಯಲ್ಲಿ ಕಲಿತವರಲ್ಲ, ಹೆಚ್ಚಿನವರು ನಗರದ ಬೀದಿಗಳನ್ನು ಗುಡಿಸುತ್ತಿದ್ದವರು. 1972ರಲ್ಲಿ ಅಧಿಕಾರಕ್ಕೆ ಬಂದ ಮೈಕೇಲ್ ಮ್ಯಾನ್ಲಿಯವರ ಸರಕಾರ ನಿರುದ್ಯೋಗಿಗಳಿಗಾಗಿ ಒಂದು ವಿಶೇಷ ಉದ್ಯೋಗ ಯೋಜನೆಯನ್ನು ತೆರೆದಿತ್ತು. ಅದರಲ್ಲಿ ಪೊರಕೆ ಹಿಡಿದವರ ಪೈಕಿ ಕೆಲವರನ್ನು ಶಾಲೆಗಳಲ್ಲಿ ಉಪಾಧ್ಯಾಯರಿಗೆ ಸಹಾಯಕರಾಗಲು ತರಬೇತಿಗೆ ಕರೆದುಕೊಂಡರು. 1977ರ ಕಾರ್ಮಿಕ ಸಪ್ತಾಹಕ್ಕೆ ತಾವೂ ಒಂದು ನಾಟಕವಾಡಬೇಕೆಂದು ಅವರಿಗೆ ಹುಮ್ಮಸ್ಸು ಬಂತು. ನೆರವು ಕೇಳಿಕೊಂಡು ಜಮೈಕಾ ನಾಟಕಶಾಲೆಗೆ ಹೋದರು. ಬಂದವರು ಹಾನರ್ ಫೋರ್ಡ್-ಸ್ಮಿತ್ ಎಂಬ ತರುಣ ಅಧ್ಯಾಪಿಕೆ.

ಮೊದಲ ಭೇಟಿ ನಡೆದದ್ದು ಒಂದು ಹಳೆಯ ಮುರುಕು ಶಾಲೆಯ ಕಟ್ಟಡದಲ್ಲಿ. ಯಾವ ವಿಷಯದ ಮೇಲೆ ನಾಟಕ ಬೇಕೆಂದು ಆಕೆ ಕೇಳಿದರು. ಹೆಂಗಸರಾಗಿ ತಾವು ಪಡುತ್ತಿರುವ ಪಾಡಿನ ಮೇಲೆ ಎಂದು ಇವರು ಹೇಳಿದರು. ಆ ಪಾಡು ಎಂಥದು ಎಂದು ಆಕೆ ಮತ್ತೆ ಕೇಳಿದರು. ಎರಡನೆಯ ಪ್ರಶ್ನೆ ಕೇಳದೆ ಹೋಗಿದ್ದರೆ ಯಾರೋ ಬರೆದುಕೊಟ್ಟ ಒಂದು ನೀತಿನಾಟಕ ಆ ಸಪ್ತಾಹದಲ್ಲಿ ನಡೆದು ಮರೆತುಹೋಗುತ್ತಿತ್ತು. ಕೇಳಿದ್ದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಕಥೆಯನ್ನು ಬಿಚ್ಚತೊಡಗಿದರು.

ಆ ವರ್ಷ ಆಡಿದ್ದು ಉಡುಪಿನ ಕಾರ್ಖಾನೆಯ ಹೆಂಗಸರು ಸಂಘ ಕಟ್ಟುವ ಕಥೆ. ಅದಕ್ಕೆ ಇಟ್ಟ ಹೆಸರು ‘ಡೌನ್‌ಪ್ರೆಷನ್ ಗೆಟ್ ಎ ಬ್ಲೋ’. ದಬ್ಬಾಳಿಕೆಗೆ ಇಂಗ್ಲಿಷಿನಲ್ಲಿರುವ ಮಾತಿನ ಮೊದಲಕ್ಷರ ಅಲ್ಲಿಯವರ ಕಿವಿಗೆ ‘ಮೇಲೆ’ ಎಂದಂತೆ ಕೇಳುತ್ತದೆ. ಮನುಷ್ಯನನ್ನು ಕೆಳಕ್ಕೆ ಒತ್ತುವುದಕ್ಕೆ ‘ಮೇಲೆ’ ಎನ್ನುವುದುಂಟೆ? ಆದ್ದರಿಂದ ಅಲ್ಲಿಯ ರಾಸ್ತಾಫಾರಿ ಪಂಥದವರು ಅದನ್ನು ‘ಡೌನ್’ ಮಾಡಿಕೊಂಡರು. ವ್ಯಾಕರಣಕಾರರು ಒಪ್ಪಲಾರರು, ಆದರೂ ಇಷ್ಟು ನ್ಯಾಯವಾದ ತಿದ್ದುಪಡಿ ನಿಘಂಟುಗಳಲ್ಲಿ ಅಪರೂಪ.

ಮರುವರ್ಷದ ನಾಟಕದಲ್ಲಿ ಮಂಡಲಿಯ ನಿಜವಾದ ದಾರಿ ಕಂಡಿತು. 1978ರ ‘ಬೆಲ್ಲಿವುಮನ್ ಬ್ಯಾಂಗರಾಂಗ್’ ಎಂಬುದನ್ನು ‘ಬಸುರಿಯ ರಾದ್ಧಾಂತ’ ಎನ್ನಬಹುದೇನೋ. ವಸ್ತು, ಎಳೆಯ ಹುಡುಗಿಯರು ಬಸುರಾಗುವುದು. ಈ ನಟಿಯರಲ್ಲಿ ಅನೇಕರು ಹದಿಹರೆಯದಲ್ಲೇ ತಾಯಿಯಾದವರು. ತಂದೆ ಮನೆಯಲ್ಲಿಲ್ಲದೆ, ತಾಯಿಯೋ ಅಜ್ಜಿಯೋ ದುಡಿದು ಸಾಕುವುದು ಕಿಂಗ್‌ಸ್ಟನ್ನಿನ ಬಡಕೇರಿಗಳಲ್ಲಿ ಸಾಮಾನ್ಯ ಸಂಗತಿ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಸಮಾನ ಹಕ್ಕು ಕೊಟ್ಟ ಕಾನೂನು ಬಂದದ್ದೇ 1976ರಲ್ಲಿ. ಹೆರಿಗೆ ರಜೆಯ ಕಾನೂನಿಗೆ 1979ರವರೆಗೆ ಕಾಯಬೇಕಾಯಿತು.

ನಾಟಕಕ್ಕೆ ಬರೆದ ಪ್ರತಿ ಇರಲಿಲ್ಲ. ಇದ್ದರೂ ಓದಲು ಬಾರದವರು ಮಂಡಲಿಯಲ್ಲಿದ್ದರು. ಆದ್ದರಿಂದ ಅಭ್ಯಾಸವೆಂದರೆ ನೆನಪು ಮಾಡಿಕೊಳ್ಳುವುದು. ನೆನಪಾದುದನ್ನು ಅಲ್ಲೇ ಆಡಿ ತೋರುವುದು. ನೋಡಿದವರು ತಮ್ಮದನ್ನು ಅದಕ್ಕೆ ಸೇರಿಸುವುದು. ನೇರವಾಗಿ ಕೇಳಿದರೆ ಬಾಯಿಗೆ ಬಾರದ ಮಾತುಗಳು ಬಾಲ್ಯದ ಆಟಗಳ ಮರೆಯಲ್ಲಿ ಬಂದವು. ಕೈಕೈ ಹಿಡಿದು ಸುತ್ತುವ ಆಟ, ಒಗಟು ಕೇಳುವ ಆಟ—ಆಡುತ್ತಾಡುತ್ತ ಹತ್ತು ಹನ್ನೆರಡರ ವಯಸ್ಸು ಮರಳುತ್ತಿತ್ತು. ಆ ವಯಸ್ಸಿನೊಂದಿಗೆ, ಮೈನೆರೆದಾಗ ತಾಯಿ ಏನೊಂದೂ ತಿಳಿಸಿ ಹೇಳದೆ ಗದರಿದ್ದು, ಹೊಟ್ಟೆ ಕಂಡಾಗ ಮನೆಯಿಂದ ಆಚೆಗೆ ನೂಕಿದ್ದು, ಮಗುವಿನ ತಂದೆ ಮುಖ ತಪ್ಪಿಸಿಕೊಂಡದ್ದು ಎಲ್ಲ ಮರಳುತ್ತಿದ್ದವು.

ಮಂಡಲಿಯಲ್ಲಿ ಗಂಡಸರಿರಲಿಲ್ಲ. ಹೊಡೆಯುವ ಗಂಡನೂ ಓಡಿಹೋಗುವ ಪ್ರಿಯನೂ ಇವರೇ ಆಗಬೇಕು. ಗದರುವ ತಾಯಿಯೂ ಇವರೇ. ಇದನ್ನು ರಂಗದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡೆಂದು ದಾಟಿಹೋಗಬಾರದು. ತನ್ನನ್ನು ಹೊರಹಾಕಿದ ತಾಯಿಯ ಮಾತನ್ನು ತನ್ನ ಬಾಯಿಂದಲೇ ಆಡಬೇಕಾದ ಹೆಂಗಸು, ಆ ತಾಯಿ ಹಿಂದಿನ ರಾತ್ರಿ ಉಂಡಿದ್ದಳೇ, ಅವಳ ಕೆಲಸ ಉಳಿದಿತ್ತೇ ಎಂದೂ ಯೋಚಿಸಬೇಕಾಗುತ್ತದೆ. ದೂರು ಹೇಳಲು ಹೊರಟ ನಾಟಕ ದೂರಿಗಿಂತ ದೊಡ್ಡದಾಗುವ ಜಾಗ ಇದೇ ಎಂದು ನನಗೆ ತೋರುತ್ತದೆ.

ಇನ್ನೊಂದು ಜಾಣತನವೂ ಇತ್ತು. ರಂಗದ ಮೇಲೆ ಬಂದ ಹುಡುಗಿ ಯಾರೊಬ್ಬಳೂ ಆಗಿರಲಿಲ್ಲ. ಹಲವರ ನೆನಪುಗಳನ್ನು ಹೆಣೆದು ಮಾಡಿದವಳು. ಕೇರಿಯ ಜನ ಎದುರಿಗೇ ಕುಳಿತಿರುವಾಗ ನಮ್ಮ ಮನೆಯ ಗುಟ್ಟು ಇದು ಎಂದು ಬೆರಳು ಮಾಡಲು ಯಾರಿಗೂ ಬಾರದು. ಇದು ನಮ್ಮ ಮನೆಯದಲ್ಲ ಎನ್ನಲೂ ಬಾರದು. ಮಾತೋ, ಅಲ್ಲಿಯವರ ಮನೆಮಾತಾದ ಪಾಟ್ವಾ. ಶಾಲೆಯಲ್ಲಿ ಅದನ್ನಾಡಿದರೆ ಮಾಸ್ತರರ ಕೈಯಲ್ಲಿ ಬೈಗುಳ ಸಿಗುತ್ತಿತ್ತು. ಲೂಯಿಸ್ ಬೆನೆಟ್ ಎಂಬ ಕವಯಿತ್ರಿ ಅದನ್ನು ಆಗಲೇ ಕಾವ್ಯಕ್ಕೂ ರಂಗಕ್ಕೂ ಏರಿಸಿದ್ದರು. ಆದರೆ ಅಲ್ಲಿ ಬಹುಪಾಲು ನಗೆಯ ನುಡಿಯೆಂದೇ ಅದನ್ನು ಕೇಳುವ ರೂಢಿ ಬೆಳೆದಿತ್ತು. ಇವರು ಅದರಲ್ಲಿ ಅತ್ತರು.

ಆಮೇಲಿನ ವರ್ಷಗಳು ಕಠಿಣವಾದವು. 1980ರ ಚುನಾವಣೆಯ ಗಲಭೆಗಳಲ್ಲಿ ದ್ವೀಪದಲ್ಲಿ ಸತ್ತವರು ಸುಮಾರು 800. ಮ್ಯಾನ್ಲಿಯವರ ಸರಕಾರ ಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಿಂಗ್‌ಸ್ಟನ್ನಿನ ಈವೆಂಟೈಡ್ ಅನಾಥಾಲಯದ ಹಳೆಯ ಮರದ ಕಟ್ಟಡಕ್ಕೆ ಬೆಂಕಿ ಬಿದ್ದು, ದಿಕ್ಕಿಲ್ಲದ ಮುದುಕಿಯರು 150ರಷ್ಟು ಮಂದಿ ಸುಟ್ಟುಹೋದರು. 1981ರಲ್ಲಿ ಸಿಸ್ಟ್ರೆನ್ ಇದನ್ನು ನಾಟಕ ಮಾಡಿತು. ಹೆಸರು ‘ಕ್ಯೂ ಪಿ ಎಚ್’: ಕ್ವೀನಿ, ಪರ್ಲಿ, ಹೋಪಿ ಎಂಬ ಮೂವರು ಹೆಂಗಸರ ಹೆಸರಿನ ಮೊದಲಕ್ಷರಗಳು. ಸತ್ತವರನ್ನು ಕರೆದು ಸತ್ಕರಿಸುವ ‘ಎಟು’ ಎಂಬ ಆಚರಣೆ ಆಫ್ರಿಕದಿಂದ ಬಂದವರ ಸಂತತಿಯಲ್ಲಿ ಉಳಿದಿತ್ತು. ನಾಟಕವನ್ನು ಅದರ ಚೌಕಟ್ಟಿನಲ್ಲೇ ಕಟ್ಟಿದರು. ಜೀವಮಾನವಿಡೀ ಮಂದಿಯ ಮನೆಯಲ್ಲಿ ದುಡಿದು ಕೊನೆಗೆ ಅನಾಥಾಲಯ ಸೇರಿದ ಹೆಣ್ಣಿನ ಕಥೆ ಆಡುವವರಿಗೆ ಹೊರಗಿನದಾಗಿ ಕಂಡಿರಲಾರದು.

ಮಂಡಲಿ ಊರೂರಿಗೂ ಹೋಯಿತು. ಕಬ್ಬಿನ ತೋಟಗಳಲ್ಲಿ ದುಡಿಯುವ ಹೆಂಗಸರ ಕಷ್ಟವನ್ನು ಕೇಳಿ, ಅವರೆದುರಿಗೇ ಆಡಿ, ಮುಂದೇನು ಮಾಡಬೇಕೆಂದು ನೋಡುವವರನ್ನೇ ಕೇಳುತ್ತಿದ್ದರು. ಪ್ರೇಕ್ಷಕರು ಎದ್ದುಬಂದು ಪಾತ್ರ ವಹಿಸುವುದೂ ಇತ್ತು. 1985ರ ‘ಸ್ವೀಟ್ ಶುಗರ್ ರೇಜ್’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಕೆಲಸದ ರೀತಿಯನ್ನು ಕಾಣಬಹುದು.

ತೊಡಕು ಬಂದದ್ದು ಕಾಗದದಿಂದ. 1986ರಲ್ಲಿ ‘ಲಯನ್‌ಹಾರ್ಟ್ ಗ್ಯಾಲ್’, ಎಂದರೆ ಸಿಂಹದೆದೆಯ ಹುಡುಗಿ, ಎಂಬ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಮಂಡಲಿಯವರ ಆತ್ಮಕಥೆಗಳ ಸಂಗ್ರಹ ಅದು. ಹೆಣ್ಣೆಂಬ ಕಾರಣಕ್ಕೆ ತುಳಿತಕ್ಕೆ ಸಿಕ್ಕಿದ್ದೇನೆಂದು ಮೊದಲು ತಿಳಿದದ್ದು ಹೇಗೆ, ಅದರಿಂದ ಬಾಳು ಏನಾಯಿತು, ಅದನ್ನು ಬದಲಿಸಲು ಏನು ಮಾಡಿದೆ—ಈ ಮೂರು ಪ್ರಶ್ನೆಗಳನ್ನು ಹಿಡಿದು ಹೇಳಿಸಿ, ಧ್ವನಿ ಮುದ್ರಿಸಿ, ಬರೆದಿಳಿಸಿದರು. ಪಾಟ್ವಾಕ್ಕೆ ಜನರಲ್ಲಿ ನೆಲೆನಿಂತ ಕಾಗುಣಿತವಿಲ್ಲ. ಬರೆಯಬಲ್ಲವರು ಕೆಲವರು, ಹೇಳಬಲ್ಲವರು ಹಲವರು. ರಂಗದ ಮೇಲೆ ಎಲ್ಲರದೂ ಆಗಿದ್ದ ಕಥೆ ಪುಟಕ್ಕೆ ಬಂದಾಗ ಲೇಖನಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಹಣದ ವಿಷಯದಲ್ಲೂ ಇದೇ ಆಯಿತು. ಹೊರದೇಶಗಳ ಸಂಸ್ಥೆಗಳಿಂದ ನೆರವು ಬರತೊಡಗಿತು. ನೆರವಿಗೆ ವರದಿ ಬೇಕು, ವರದಿಗೆ ಇಂಗ್ಲಿಷ್ ಬೇಕು. ಎಲ್ಲರೂ ಸಮಾನರೆಂಬ ಮಂಡಲಿಯಲ್ಲಿ ಓದುಬರಹ ಬಲ್ಲವರ ಮೇಜಿನ ಸುತ್ತ ಅಧಿಕಾರ ತಾನಾಗಿಯೇ ಕೂಡಿಕೊಂಡಿತು. ಇದನ್ನು ಮುಚ್ಚಿಡದೆ 1989ರ ಒಂದು ದೀರ್ಘ ಲೇಖನದಲ್ಲಿ ಬಿಡಿಸಿ ಬರೆದವರು ಫೋರ್ಡ್-ಸ್ಮಿತ್ ಅವರೇ.

ಅವರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಅವರು ಬರೆಯದಿದ್ದರೆ ಇಷ್ಟು ದೂರದ ನಮಗೆ ಈ ಹೆಂಗಸರ ಹೆಸರೂ ತಿಳಿಯುತ್ತಿರಲಿಲ್ಲ. ಅವರು ಬರೆದುದರಿಂದಲೇ, ಎದುರಿನ ಕೇರಿಗೆ ಹೇಳಿದ ಮಾತು ಎಲ್ಲೋ ಇರುವ ಓದುಗರಿಗೆ ಹೇಳಿದಂತೆಯೂ ಆಯಿತು. ಮುಖಪುಟದಲ್ಲಿ ಮಂಡಲಿಯ ಹೆಸರು ಮೊದಲು ಬರುತ್ತದೆ, ಅದರೊಂದಿಗೆ ಫೋರ್ಡ್-ಸ್ಮಿತ್ ಅವರದು. ಒಳಗೆ ಯಾವ ಕಥೆ ಯಾರದು ಎಂದು ಹೆಸರು ಹಾಕಿಲ್ಲ.